ತಿದ್ದಿದ ಹೆಸರು

ನನಗಿಂತ ಮೊದಲು ಹುಟ್ಟಿದ ಇಬ್ಬರೂ ತೊಟ್ಟಿಲಲ್ಲೇ ತೀರಿಹೋಗಿದ್ದರು. ಆದಕಾರಣ ಅವ್ವ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವೂ ಮುಟ್ಟಲು ಹೇಸುವಂತಹ ಹೆಸರನ್ನಿಟ್ಟಿದ್ದಳು. ಎಪ್ಪತ್ತರ ದಶಕದಲ್ಲಿ ಅಜ್ಜಂಪುರದ ಶಾಲೆಗೆ ಸೇರಿಸುವಾಗ, ಅಂತಹ ಹೆಸರುಗಳನ್ನೆಲ್ಲ ತಿದ್ದುವ ತಮ್ಮ ಪದ್ಧತಿಯಂತೆ, ಮೇಷ್ಟರು ನನಗೊಂದು ದೇವರ ಹೆಸರನ್ನು ಬರೆದುಕೊಂಡರು.

“ಚೆಂದದ ಹೆಸ್ರಾದ್ರೆ ಅದು ಕರ್ಕೊಂಡೋಯ್ತದೆ ಸ್ವಾಮಿ!” ಎಂದು ಅವ್ವ ಅತ್ತಳು.

“ಯಾರಮ್ಮ ಕರ್ಕೊಂಡೋಗೋದು, ಇನ್‌ಸ್ಪೆಕ್ಟ್ರಾ?” ಎಂದು ಮೇಷ್ಟರು ನಕ್ಕರು.

ದಾರಿಯಲ್ಲಿ ಅವ್ವ ನನ್ನ ಕೈ ಹಿಡಿದು, “ಆ ಹೆಸ್ರಲ್ಲಿ ಯಾರೇ ಕರೀಲಿ, ಒಂದೇ ಕೂಗಿಗೆ ಓಗೊಡಬ್ಯಾಡ ಕಣೋ. ಸಾವು ಎರಡ್ನೇ ಸಲ ಕೂಗಲ್ಲ,” ಎಂದಳು.

ಪದವಿ ಮುಗಿಸಿ ಕಡೂರಿನ ಕಚೇರಿಯೊಂದಕ್ಕೆ ಸೇರಿದ ಮೇಲೂ, ಸಾಹೇಬರು ನನ್ನನ್ನು ಎರಡು ಸಲ ಕರೆಯಬೇಕಾಗುತ್ತಿತ್ತು. ನನ್ನ ಕಿವಿ ಮಂದವೆಂದು ಅವರು ತಿಳಿದಿದ್ದರು. ಎರಡನೆಯ ಕೂಗು ಬರುವವರೆಗೆ ನಾನು ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದೆ.