ಟೆಂಪೋದ ಹಿಂದೆ ಬರೆಸಿದ ಪಾಸ್‌ವರ್ಡ್

ಬಾಳೆಗೊನೆ ವ್ಯಾಪಾರದಲ್ಲಿ ನಾನು ಮೊದಲು ಕಲಿತದ್ದು, ಕೊನೆಯ ರೇಟನ್ನು ಹೆಂಡತಿಗೂ ಹೇಳಬಾರದು ಎಂದು. ಪುಂಜಾಲಕಟ್ಟೆಯಲ್ಲಿ ಸೈಕಲ್ಲಿಗೆ ಎರಡು ಗೊನೆ ಕಟ್ಟಿಕೊಂಡು ಶುರು ಮಾಡಿದವನು ಸ್ವಂತ ಟೆಂಪೋದವರೆಗೆ ಬಂದದ್ದು ಬಾಯಿ ಬಿಗಿಹಿಡಿದೇ. ಹಾಗಾಗಿ ಮಗಳು ಪಿಯುಸಿಗೆಂದು ಮೂಡುಬಿದಿರೆಯ ಹಾಸ್ಟೆಲಿಗೆ ಹೊರಟಾಗ ಕಾಲೇಜಿನ ಆ್ಯಪಿಗೆ ಅವಳ ಪಾಸ್‌ವರ್ಡನ್ನು ನಾನೇ ಇಟ್ಟುಕೊಟ್ಟೆ. ಇಂಥದ್ದನ್ನು ಮಕ್ಕಳ ಕೈಗೆ ಬಿಡಬಾರದು ನೋಡಿ.

ಎರಡು ತಿಂಗಳಾಗಿರಲಿಲ್ಲ, ಕಾಲೇಜಿನಿಂದ ಫೋನು ಬಂತು. ಪಾಠದ ಟಿಪ್ಪಣಿ ಕಳಿಸಲೆಂದು ಮಾಡಿದ ಆ ಆ್ಯಪ್‌ನಲ್ಲಿ, ಇಡೀ ತರಗತಿ ನೋಡುವ ಗುಂಪಿನಲ್ಲಿ, ಮಗಳು ಕನ್ನಡ ಉಪನ್ಯಾಸಕರನ್ನು ಅಣಕಿಸಿದ್ದಾಳಂತೆ: "ಸರ್ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಬೆಳ್ತಂಗಡಿಗೆ ಹೋಗಿ ಬರಬಹುದು." ಅದರ ಕೆಳಗೆ ಸಾಲುಸಾಲು ನಗುವ ಮುಖಗಳು. ವಿಚಾರಣೆಗೆ ಕರೆದಾಗ ನಕ್ಕವರೆಲ್ಲ "ನಾವು ನೋಡಲೇ ಇಲ್ಲ" ಎಂದರಂತೆ. ವಿಚಾರಣೆ ಮುಗಿಯುವ ತನಕ ಮಗಳು ತರಗತಿಯಲ್ಲಿ ಕೂರುವಂತಿಲ್ಲ.

ಪ್ರಾಂಶುಪಾಲರ ಕೋಣೆಯ ಹೊರಗೆ ಅವಳು ಅಳುತ್ತಿದ್ದಳು. "ನಾನು ಬರೆದದ್ದಲ್ಲ ಅಪ್ಪ. ನನ್ನ ಹೆಸರಲ್ಲಿ ಯಾರೋ ಒಳಗೆ ಹೋಗಿದ್ದಾರೆ."

ನಾನು ಒಳಗೆ ಹೋಗಿ ಚೌಕಾಶಿಗೆ ಕೂತೆ. "ಒಂದು ವಾರ ಹೊರಗೆ ಇಡುವ ಸರ್, ಮತ್ತೆ ಕೂರಿಸುವ."

"ಅವಳು ತಪ್ಪು ಮಾಡಿಲ್ಲ ಅಂತೀರಿ," ಪ್ರಾಂಶುಪಾಲರು ಕನ್ನಡಕ ತೆಗೆದರು. "ಹಾಗಾದರೆ ಒಂದು ವಾರ ಯಾಕೆ?"

"ಮೂರು ದಿನ ಮಾಡುವ ಸರ್," ಎಂದೆ.

"ಪಾಸ್‌ವರ್ಡ್ ಎಂಥದು ಇಟ್ಟದ್ದು?"

"ಭಾರೀ ಗಟ್ಟಿ ಉಂಟು ಸರ್. ಅವಳ ಹೆಸರು, ಮುಂದೆ ನಮ್ಮ ಟೆಂಪೋ ನಂಬರು."

ಅವರು ಕಿಟಕಿಯ ಕಡೆ ನೋಡಿದರು. ನಾನೂ ನೋಡಿದೆ. ಅಂಗಳದಲ್ಲಿ ನನ್ನ ಟೆಂಪೋ ನಮಗೆ ಬೆನ್ನು ಹಾಕಿ ನಿಂತಿತ್ತು. ಹಿಂಬಾಗಿಲ ತುಂಬ ಕೆಂಪು ಅಕ್ಷರದಲ್ಲಿ ಮಗಳ ಹೆಸರು, ಕೆಳಗೆ ನಂಬರು.

"ದಾರಿಯ ಊರಿಗೆಲ್ಲ ಓದಿಸಿಕೊಂಡು ಬಂದಿದ್ದೀರಲ್ಲ ಮಾರಾಯ್ರೆ!"

ನಮ್ಮ ಕಡೆ ಗಾಡಿಗೆ ಮಕ್ಕಳ ಹೆಸರಿಡುವುದು ಪ್ರೀತಿಗೆ. ಅದೇ ಹೆಸರನ್ನು ಬೀಗಕ್ಕೂ ಇಡುವುದು ನನ್ನಂಥವರ ಬುದ್ಧಿಗೆ. ಓದುವ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಅಪ್ಪ ಎಷ್ಟೇ ಜಾಣನಾಗಿರಲಿ, ಪಾಸ್‌ವರ್ಡ್ ಇಡಲು ಅವನನ್ನು ಕರೆಯಬೇಡಿ. ಗಾಡಿಯ ಮೇಲೆ, ಮನೆಯ ಗೇಟಿನ ಮೇಲೆ, ಮದುವೆ ಕಾಗದದಲ್ಲಿ ಇರುವ ಯಾವುದೂ ಬೇಡ.

ಮಗಳನ್ನು ಮನೆಗೆ ಕರೆದುಕೊಂಡು ಹೊರಟೆ. ದಾರಿಯಲ್ಲಿ ಅವಳು ಪಾಸ್‌ವರ್ಡ್ ಬದಲಿಸಿದಳು. ಏನಿಟ್ಟೆ ಎಂದು ಕೇಳಿದ್ದಕ್ಕೆ ಕಿಟಕಿಯ ಹೊರಗೆ ನೋಡಿದಳು.

ಸಂಜೆ ಬೆಳ್ತಂಗಡಿಯಿಂದ ಒಬ್ಬರ ಫೋನು. ಅವರ ಮಗಳೂ ಅದೇ ತರಗತಿ. ಬಸ್ಸಿನ ಮುಂದೆ ನನ್ನ ಟೆಂಪೋ ಹೋಗುವುದನ್ನು ಕಂಡು, ಆ ಹೆಸರು, ನಂಬರನ್ನೇ ತಮಾಷೆಗೆ ಆ್ಯಪಿನಲ್ಲಿ ಒತ್ತಿ ನೋಡಿದಳಂತೆ, ತೆರೆದೇಬಿಟ್ಟಿತಂತೆ. ಈಗ ಹೆದರಿ ಮನೆಯಲ್ಲಿ ಬಾಯಿಬಿಟ್ಟಿದ್ದಳು.

"ಮಕ್ಕಳಾಟ ಅಲ್ವಾ," ಎಂದರು ಅವರು. "ಕಾಲೇಜಿಗೆ ಹೇಳುವುದು ಬೇಡ. ನಿಮ್ಮ ಮಗಳಿಗೆ ಫೋನಲ್ಲಿ ಸಾರಿ ಹೇಳಿಸ್ತೇನೆ. ನಾಲ್ಕು ದಿನದಲ್ಲಿ ಎಲ್ಲರೂ ಮರೀತಾರೆ. ಮುಗಿಸುವ."

ಎದುರಿನವನು ಅರ್ಧಕ್ಕೆ ಬಂದರೆ ಒಪ್ಪಿಬಿಡುವುದು ನನ್ನ ಕಸುಬು. "ಆಯ್ತು" ಎಂದುಬಿಟ್ಟಿದ್ದೆ. ಪಕ್ಕದಲ್ಲೇ ಕೇಳುತ್ತಿದ್ದ ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಅಂಕಲ್, ಬರೆದದ್ದನ್ನು ಇಡೀ ಕ್ಲಾಸು ಓದಿದೆ. ಸಾರಿ ಮಾತ್ರ ನನ್ನೊಬ್ಬಳ ಕಿವಿಗಾ? ಅಲ್ಲೇ ಬರೆಯಲಿ, ಅವಳ ಹೆಸರಲ್ಲೇ."

ನಾನು ಸನ್ನೆ ಮಾಡಿದೆ, ಸ್ವಲ್ಪ ಇಳಿಸು ಎಂದು. ಅವಳು ಇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಆ ಹುಡುಗಿಯ ಹೆಸರಲ್ಲೇ ಬಂತು: "ಅದನ್ನು ಬರೆದದ್ದು ನಾನು. ಅವಳಲ್ಲ. ಸರ್, ನನ್ನನ್ನು ಶಮಿಸಿ." ಈ ಸಲ ನಗುವ ಮುಖ ಒಂದೂ ಇಲ್ಲ. ಬಹಳ ಹೊತ್ತಿನ ಮೇಲೆ ಉಪನ್ಯಾಸಕರು ಬರೆದರು: "'ಕ್ಷಮಿಸಿ' ಎಂದು ತಿದ್ದಿಕೊಂಡು ಓದಿದ್ದೇನೆ." ಅದರ ಕೆಳಗೆ, ನನ್ನ ಮಗಳಿಗೆ: "ಮಧ್ಯಾಹ್ನದ ಮೊದಲ ಅವಧಿ ನನ್ನದು. ನೀನು ಬರಬೇಕು."

ನಾನು ಅದನ್ನು ಎರಡನೇ ಸಲ ಓದುವಷ್ಟರಲ್ಲಿ ಅವಳು ಚಪ್ಪಲಿ ಹಾಕಿಕೊಂಡು ರಸ್ತೆಯಲ್ಲಿದ್ದಳು. ಟೆಂಪೋದಲ್ಲಿ ಬಿಡುತ್ತೇನೆ ಎಂದೆ.

"ಬೇಡ ಅಪ್ಪ, ಬಸ್ಸು ಉಂಟು."