ಖೋಬಾರಿಗೆ ಇರುವುದು ಒಂದೇ ದಾರಿ

ಈದ್ ರಜೆಗೆ ಖೋಬಾರಿಗೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಬಹರೈನಿನ ರಿಫಾದ ಫ್ಲ್ಯಾಟಿನಲ್ಲಿ ಒಂಬತ್ತು ವರ್ಷ ಕಳೆದಿದ್ದೆವು. ಈ ದ್ವೀಪದಲ್ಲಿ ಯಾವ ದಿಕ್ಕಿಗೆ ಕಾರು ಓಡಿಸಿದರೂ ಮುಕ್ಕಾಲು ಗಂಟೆಯೊಳಗೆ ಸಮುದ್ರ ಅಡ್ಡ ಬರುತ್ತದೆ. ಅಲ್ಲಿಂದ ತಿರುಗಿ ಮತ್ತೆ ಅದೇ ಮನೆ. ಖೋಬಾರ್ ಕೂಡ ಕಡಲತಡಿಯ ಊರೇ, ಆದರೆ ಅದು ಸೌದಿಯಲ್ಲಿದೆ; ನಡುವೆ ಸಮುದ್ರದ ಮೇಲೆ ಉದ್ದದ ಸೇತುವೆ. ಪ್ರತಿ ಸಲವೂ ನನ್ನ ಗಂಡ ಒಂದೊಂದು ನೆಪ ಹೇಳುತ್ತಿದ್ದರು: ಶಿಫ್ಟು, ವೀಸಾ, ಸೆಖೆ. ಈ ಸಲ ನಾನೇ ಮೂವರ ವೀಸಾ ಮಾಡಿಸಿ, ಎರಡು ರಾತ್ರಿಗೆ ಹೋಟೆಲು ಕಾದಿರಿಸಿ ಅವರ ಮುಂದಿಟ್ಟೆ.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಓಡಿಸುತ್ತಿದ್ದವರು ಅವರು. ನಾನು ಪಕ್ಕದಲ್ಲಿ, ಎಂಟು ವರ್ಷದ ಮಗಳು ಹಿಂದೆ. ಸೇತುವೆ ಏರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ವಾಹನಗಳ ಸಾಲು ನಿಂತಿತು. ಅರ್ಧ ಗಂಟೆಯಲ್ಲಿ ನಾಲ್ಕು ಕಾರಿನ ಉದ್ದ ಸರಿದಿರಬಹುದು.

"ಅಪ್ಪಾ, ವೈ ಆರ್ ವಿ ನಾಟ್ ಮೂವಿಂಗ್?" ಮಗಳು ಮೂರನೇ ಸಲ ಕೇಳಿದಳು.

ನಾನು ಅವರತ್ತ ತಿರುಗಿ ನೋಡಿದೆ. ಎಸಿ ಜೋರಾಗಿದ್ದರೂ ಅವರ ಶರ್ಟು ಬೆವರಿನಿಂದ ಮೈಗೆ ಅಂಟಿತ್ತು.

"ಎಂತ ಆಯ್ತು?"

"ಹಿಂದೆ ತಿರುಗಿಸ್ಲಿಕ್ಕೆ ಆಗ್ತದಾ ನೋಡು."

"ಇಲ್ಲಿ ಎಲ್ಲಿಂದ ತಿರುಗಿಸೋದು ಮಾರಾಯ್ರೇ? ಎದೆನೋವಾ?"

"ಅಲ್ಲ. ಉಸಿರು ಒಳಗೇ ಹೋಗ್ತಾ ಇಲ್ಲ. ನಂಗೆ ಇಳೀಬೇಕು."

ಇಳಿದೇ ಬಿಟ್ಟರು. ಅಂಚಿನ ಕಂಬಿ ಹಿಡಿದು ಬಗ್ಗಿ ನಿಂತರು. ನಾನೂ ಇಳಿದು ಓಡಿದೆ. ಕೆಳಗಿನ ನೀರು ಕಂಡು ಎರಡೂ ಕೈಯಲ್ಲಿ ಅವರ ಬೆಲ್ಟು ಹಿಡಿದುಕೊಂಡೆ. ಹಿಂದಿನ ಕಾರಿನ ಅರಬ್ ಮುದುಕರೊಬ್ಬರು ಬಾಟಲಿ ತಂದು "ಪಾನಿ, ಪಾನಿ" ಎಂದು ಕೊಟ್ಟರು. ಎದೆಯ ಮೇಲೆ ಕೈಯಿಟ್ಟು "ಹಾರ್ಟ್?" ಎಂದು ಕೇಳಿದರು. ನನ್ನವರು ಅಲ್ಲವೆಂದು ತಲೆಯಾಡಿಸಿದರು.

ನೀರು ಕುಡಿದ ಮೇಲೆ, ನನ್ನ ಮುಖ ನೋಡದೆ ಹೇಳಿದರು. "ಮೂರು ವರ್ಷದ ಹಿಂದೆ ನಮ್ಮ ಬಿಲ್ಡಿಂಗಿನ ಲಿಫ್ಟಲ್ಲಿ ಒಬ್ಬನೇ ಸಿಕ್ಕಿಬಿದ್ದಿದ್ದೆ. ಕರೆಂಟು ಹೋಗಿತ್ತು. ಅವತ್ತಿಂದ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಹೀಗೆ."

ಲಿಫ್ಟು ಬಿಟ್ಟು ಐದು ಮಹಡಿ ಮೆಟ್ಟಿಲು ಹತ್ತುವುದು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅವರೇ ಹೇಳಿದ್ದರು. ನಾನು ಅದನ್ನು ನಂಬಿ, ಪಕ್ಕದ ಮನೆಯವರ ಹತ್ತಿರ ಅವರನ್ನು ಹೊಗಳಿದ್ದೆ.

ಸಾಲು ಕದಲಿತು, ಹಾರನ್ ಶುರುವಾಯಿತು. ನನಗೆ ಲೈಸೆನ್ಸ್ ಇತ್ತು, ಆದರೆ ಮಗಳ ಶಾಲೆ ಮತ್ತು ಅಂಗಡಿ ದಾಟಿ ಓಡಿಸಿದವಳಲ್ಲ. ಬೇರೆ ದಾರಿ ಇರಲಿಲ್ಲ, ಸ್ಟೇರಿಂಗ್ ಹಿಡಿದು ಕೂತೆ. ಅವರು ಹಿಂದೆ ಮಗಳ ಪಕ್ಕ ಕಿಟಕಿ ತೆರೆದು ಕುಳಿತರು. "ಅಪ್ಪಾ, ಬ್ರೀದ್ ವಿದ್ ಮಿ. ಸ್ಕೂಲಲ್ಲಿ ಹೇಳಿಕೊಟ್ಟಿದ್ದಾರೆ," ಎಂದು ಅವಳು ಎಣಿಸತೊಡಗಿದಳು. ಪಾಸ್‌ಪೋರ್ಟ್ ಕಿಟಕಿ ದಾಟುವವರೆಗೆ, ಮೂರು ಗಂಟೆ, ಅವಳ ಎಣಿಕೆ ನಿಲ್ಲಲಿಲ್ಲ.

ಖೋಬಾರಿನ ಕಡಲದಂಡೆಯಲ್ಲಿ ಚೆಂದದ ಹುಲ್ಲುಹಾಸು, ಒಳ್ಳೆಯ ಗಾಳಿ. ಮಗಳು ಓಡಾಡಿಕೊಂಡಿದ್ದಳು. ಅವರು ಬೆಂಚಿನ ಮೇಲೆ ಮೊಬೈಲಿನಲ್ಲಿ ಸೇತುವೆಯ ದಟ್ಟಣೆ ನೋಡುತ್ತಾ ಕೂತರು.

"ವಾಪಸು ಹೋಗ್ಲಿಕ್ಕೆ ಬೇರೆ ದಾರಿ ಇಲ್ವಾ?"

"ವಿಮಾನ ಉಂಟಲ್ಲ."

"ಅದೂ ಮುಚ್ಚಿದ ಪೆಟ್ಟಿಗೆಯೇ ಅಲ್ವಾ?"

ನನಗೆ ನಗು ಬಂತು. ಅವರು ನಗಲಿಲ್ಲ. ಬಲವಂತದಿಂದ ಕರೆತಂದದ್ದಕ್ಕೆ ನನಗೆ ನನ್ನ ಮೇಲೆಯೇ, ಮೂರು ವರ್ಷ ಮುಚ್ಚಿಟ್ಟದ್ದಕ್ಕೆ ಅವರ ಮೇಲೆ, ಎರಡೂ ಸಿಟ್ಟು ಒಟ್ಟಿಗೆ ಇತ್ತು. ಇಷ್ಟು ವರ್ಷ ಕಾದು ಬೇರೆ ದೇಶಕ್ಕೆ ಬಂದಿದ್ದೆ. ಇಲ್ಲಿಯೂ ಹಿಂತಿರುಗುವ ಸೇತುವೆಯನ್ನು ಬಿಟ್ಟರೆ ಇನ್ನೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಎರಡನೇ ರಾತ್ರಿಯ ಹೋಟೆಲು ಬಿಟ್ಟು ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಸೇತುವೆ ಖಾಲಿ ಇತ್ತು. ನಾನು ಓಡಿಸಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಬಹರೈನಿನ ನೆಲ ಮುಟ್ಟಿದಾಗ "ಬಂತಾ?" ಎಂದಷ್ಟೇ ಕೇಳಿದರು.

ಆ ವಾರವೇ ಮನಾಮಾದಲ್ಲಿ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಈಗಲೂ ತಿಂಗಳಿಗೆರಡು ಸಲ ನಾನೇ ಅವರನ್ನು ಕರೆದುಕೊಂಡು ಹೋಗುತ್ತೇನೆ. ನಿಧಾನವಾಗಿ ಸರಿಹೋಗುತ್ತದಂತೆ. ಮುಂದಿನ ರಜೆಗೆ ಎಲ್ಲಿಗೆ ಎಂದು ಮಗಳು ಮೊನ್ನೆ ಕೇಳಿದಳು. "ನೋಡುವ," ಎಂದರು ಅವರು. ಈ ಸಲ ನಾನು ಹಟ ಹಿಡಿಯಲಿಲ್ಲ.