ಧಾಬಳಿ ಮ್ಯಾಲಿನ ವೈರು

ನಮ್ಮ ಸವಣೂರ ಮನ್ಯಾಗ ಇಂಟರ್ನೆಟ್ಟಿಗೂ ಮಡಿ ಅದ. ನಗಬ್ಯಾಡ್ರಿ, ಖರೇನ ಹೇಳ್ತೇನಿ. ಪಡಸಾಲ್ಯಾಗಿನ ದೊಡ್ಡ ರೌಟರ್ ಎಲ್ಲಾರದು. ಆದ್ರ ಮಣ್ಣಿನ ದಪ್ಪ ಗ್ವಾಡಿ ದಾಟಿ ಸಿಗ್ನಲ್ ದೇವರ ಮನಿಗೆ ಮುಟ್ಟಂಗಿಲ್ಲ. ಅದಕ್ಕ ಅಲ್ಲೊಂದು ಸಿಗ್ನಲ್ ಮುಂದಕ್ಕ ದಾಟಿಸೋ ಸಣ್ಣ ಡಬ್ಬಿ ಹಚ್ಚೇವಿ. ಆ ಡಬ್ಬೀನೂ ಅವ್ವನ ಹಳೇ ಫೋನೂ ಮೊದಲನೇ ದಿವಸ ನೀರು ಪ್ರೋಕ್ಷಣಾ ಮಾಡಿಸಿಕೊಂಡು ಒಳಗ ಹೋದ್ವು. ಆಮ್ಯಾಲೆ ಅವನ್ನ ಅವ್ವ ಬಿಟ್ಟು ಯಾರೂ ಮುಟ್ಟಂಗಿಲ್ಲ.

ಶನಿವಾರಕ್ಕೊಮ್ಮೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆ ಹೆಣ್ಣುಮಕ್ಕಳು ವಿಡಿಯೋದಾಗ ಕೂಡಿ ದೇವರ ಹಾಡು ಹಾಡ್ತಾರ. ಅವ್ವ ಯಾವಾಗಲೂ "ಭಾಳ ಛಂದ ಆತ್ರಿ" ಅಂತ ಹೇಳಿ ಸುಮ್ಮನ ಕೂಡಾಕಿ. ಆ ವಾರ ಮಾತ್ರ ತಾನ ಹಾಡ್ತೇನಿ ಅಂತ ಒಪ್ಪಿಕೊಂಡಿದ್ದಳು. ಆಡೂರಿನ ತವರಾಗ ಅಕಿ ಅವ್ವ ಕಲಿಸಿದ ಹಾಡು, ಬ್ಯಾರೆ ಯಾರಿಗೂ ಬರಂಗಿಲ್ಲ. "ಇವರಿಗರೆ ಕಲಿಸಿ ಹೋಗಬೇಕೋ. ಇಲ್ಲಂದ್ರ ನನ್ನ ಜೋಡಿ ಇದೂ ಹೋಗ್ತದ" ಅಂತಿದ್ದಳು.

ನಾನು ಕಾಲೇಜಿನಾಗ ಕಂಪ್ಯೂಟರ್ ಕಲಿಸಾಂವ, ಅಂದ್ರ ಮನ್ಯಾಗ ಶಾಣ್ಯಾ. ಹಾಡು ನಡುವ ನಿಲ್ಲಬಾರದಂತ ಹಿಂದಿನ ದಿವಸ ದೊಡ್ಡ ರೌಟರಿಗೆ ಹೊಸ ಫರ್ಮ್‌ವೇರ್, ಅದರ ಒಳಗಿನ ಸಾಫ್ಟ್‌ವೇರ್ ಅನ್ರಿ, ಹಾಕಿಟ್ಟೆ. ಮುಂಜಾನೆ ನೋಡಿದ್ರ ಸಣ್ಣ ಡಬ್ಬಿ ಕೆಂಪು ದೀಪ ಹಚ್ಚಿಕೊಂಡು ಕುಂತದ! ಅದರೊಳಗಿಂದು ಇನ್ನೂ ಹಳೇದು. ಒಂದರ ಮಾತು ಒಂದಕ್ಕ ತಿಳೀವಲ್ದು.

"ಹೊರಗ ಕೊಡವ್ವಾ, ಲ್ಯಾಪ್‌ಟಾಪಿಗೆ ಹಚ್ಚಿ ಇದಕ್ಕೂ ಹೊಸಾದು ಹಾಕ್ತೇನಿ."

"ಮುಟ್ಟಬ್ಯಾಡ! ಮಡೀಲೆ ಇದ್ದೇನಿ. ನೈವೇದ್ಯ ಆಗೋತನಕ ಹೊರಗ ಹೋದದ್ದು ಒಳಗ ಬರಂಗಿಲ್ಲ."

ಇನ್ನೇನು, ಲ್ಯಾಪ್‌ಟಾಪ್ ಹೊರಗಿಟ್ಟು ಒಳಗಿನ ಡಬ್ಬೀತನಕ ವೈರ್ ಎಳೀಬೇಕು. ಆದ್ರ ವೈರಿನ ಗುಂಟ ಮೈಲಿಗಿ ಹರೀತದೋ ಇಲ್ಲೋ? ಅಪ್ಪ ಸಂಸ್ಕೃತ ಪಾಠ ಹೇಳಿ ರಿಟಾಯರ್ ಆದಾವ್ರು. ಮೂಗಿನ ಮ್ಯಾಲೆ ಚಾಳೀಸ ಏರಿಸಿಕೊಂಡು ವಿಚಾರಕ್ಕ ಕುಂತೇಬಿಟ್ರು. ಕಡೀಕ ತೀರ್ಪು ಕೊಟ್ರು: ಉಣ್ಣಿ ವಸ್ತ್ರಕ್ಕ ಮೈಲಿಗಿ ತಟ್ಟಂಗಿಲ್ಲ, ಅದಕ್ಕ ಮಡೀಲೆ ಉಡೋ ಉಣ್ಣಿ ಧಾಬಳಿ ಹೊಸ್ತಲದ ಮ್ಯಾಲೆ ಹಾಸಿ ಅದರ ಮ್ಯಾಲೆ ವೈರ್ ಬಿಡ್ರಿ. ಯಾವ ಕಂಪನಿ ಪುಸ್ತಕದಾಗ ಬರದಾರ ಇದನ್ನ? ಈ ಕಡೆ ತುದಿ ನಾ ಹಚ್ಚಿದೆ, ಆ ಕಡೆ ತುದಿ ಅವ್ವ ಹಚ್ಚಿದಳು.

ಹಸಿರು ದೀಪ ಹತ್ತಿತು. ನಾ ಹಿಗ್ಗಿ ಹೀರೇಕಾಯಿ ಆದೆ. ಅಷ್ಟೊತ್ತಿಗೆ ಅವ್ವನ ಫೋನು ಮುನಿಸಿಕೊಂಡ್ತು. ಡಬ್ಬಿ ಹೊಸಾದಾತಲ್ಲ, ಅದರ ಹೊಸ ಬಂದೋಬಸ್ತು, ಸೆಕ್ಯುರಿಟಿ ಅನ್ರಿ, ಈ ಹಳೇ ಫೋನಿಗೆ ತಿಳೀವಲ್ದು! ಮದುವಿ ಮನ್ಯಾಗ ಒಬ್ಬ ಬೀಗರನ್ನ ಸಮಾಧಾನ ಮಾಡಿದ್ರ ಇನ್ನೊಬ್ಬರು ಸಿಟ್ಟಾಗ್ತಾರಲ್ಲ, ಹಂಗಾತು. ಏನು ಬದಲ ಮಾಡಬೇಕಂತ ನಾ ತಡಕಾಡೂದ್ರಾಗ ನನ್ನ ಫೋನಿಗೆ ಹಂಸಭಾವಿಯಿಂದ ಹಾಡಿನ ಗುಂಪಿನ ಒಬ್ಬಾಕಿ ಫೋನ್ ಹಚ್ಚಿದಳು. "ಎಲ್ಲಿದ್ದಾರ್ರಿ ನಿಮ್ಮ ತಾಯಿ? ಅವರ ಪಾಳಿ ಒಂದ ಉಳದದ. ಎಲ್ಲಾರೂ ಏಳಾಕತ್ತಾರ."

ಅವ್ವ ಹಸಿರು ದೀಪ ನೋಡಿದಳು, ದೇವರನ್ನ ನೋಡಿದಳು. ಎದ್ದಾಕಿನ ಹೊಸ್ತಲ ದಾಟಿ ಬಂದು ನನ್ನ ಕೈಯಾಗಿನ ಫೋನ್ ಇಸಕೊಂಡಳು. ಅಕಿ ಬೆರಳು ನನಗ ಹತ್ತಿದ್ವು.

ಸಣ್ಣಾಂವಿದ್ದಾಗ ಕೈ ಮುರಕೊಂಡು ಅಳಕೋತ ಬಂದ್ರ ಇದ ಹೊಸ್ತಲದ ಆಚೆ ನಿಂತು "ಅಪ್ಪನ ಕಡೆ ಹೋಗೋ" ಅಂದಾಕಿ ಈಕಿ. ಅಕಿ ಕಣ್ಣಾಗೂ ನೀರಿತ್ತು, ಆದ್ರ ಮಡಿ ಬಿಡಲಿಲ್ಲ. ಈಗ ಒಂದು ಹಾಡಿನ ಸಲುವಾಗಿ ಬಂದಳಲ್ಲ! ನನಗ ಹೊಟ್ಟಿ ಉರೀತು. ಸುಳ್ಳ ಯಾಕ ಹೇಳ್ಲಿ, ಖುಷೀನೂ ಆತು.

ನಾ ಅದರಾಗ ಅವರ ವಿಡಿಯೋ ಹಚ್ಚಿಕೊಟ್ಟೆ. ಪಡಸಾಲ್ಯಾಗ ನನ್ನ ಬಾಜೂಕ ಕುಂತು ಹಾಡಿದಳು. ತೊಡಿ ಮ್ಯಾಲೆ ತಾಳ ಹಾಕೋವಾಗ ಫೋನ್ ಹಿಡದ ಕೈ ಅತ್ತಿತ್ತ ಆಗತಿತ್ತು. ಆ ಕೈ ಮ್ಯಾಲೆ ಕೈ ಇಟ್ಟು ನಾನೂ ಫೋನ್ ಹಿಡದೆ. ಹಾಡು ಮುಗಿಯೋತನಕ ಅಕಿ ಬಿಡಿಸಿಕೊಳ್ಳಲಿಲ್ಲ. ಮುಗದ ಮ್ಯಾಲೆ "ನಿನ್ನ ಶಾಣ್ಯಾತನದಿಂದ ಮತ್ತ ಸ್ನಾನ ಮಾಡೂದು ಬಂತು" ಅಂತ ಬೈದು ಬಚ್ಚಲಿಗೆ ನಡದಳು.

ಮುಂದಿನ ಶನಿವಾರದೊಳಗ ನಾ ಹೊಸ ಫೋನ್ ತಂದೆ. ಪ್ರೋಕ್ಷಣಾ ಆಗಿ ಅದೂ ಒಳಗ ಹೋತು. ಈಗ ಎಲ್ಲಾ ಒಂದಕ್ಕೊಂದು ಹೊಂದಿಕೊಂಡಾವ, ಯಾವುದೂ ತಕರಾರ ಇಲ್ಲ. ಅವ್ವ ಒಳಗ ಹಾಡ್ತಾಳ, ನಾ ಹೊರಗ ಕುಂತು ಕೇಳ್ತೇನಿ.